ಬುಡೆಸೊನೈಡ್–ಫಾರ್ಮೊಟೆರಾಲ್ ಇನ್ಹೇಲರ್: ಈ ಪಂಪಿನ ಮದ್ದು ಯಾವ ಕೋಶದವರೆಗೆ ಮುಟ್ಟುತ್ತದೆ?

ಮೆಡಿಕಲ್ ಶಾಪಿಗೆ ಹೋಗಿ ‘ದಮ್ಮಿನ ಪಂಪು ಕೊಡಿ’ ಎಂದರೆ ಹೆಚ್ಚಿನ ಸಲ ಕೈಗೆ ಬರುವುದು ಸಾಲ್ಬುಟಮಾಲ್. ಎರಡು ಸಲ ಎಳೆದರೆ ಐದು ನಿಮಿಷದೊಳಗೆ ಎದೆ ಸಡಿಲವಾಗುತ್ತದೆ. ತಕ್ಷಣ ಫಲ ಕಾಣುವುದರಿಂದ ಜನಕ್ಕೆ ಅದರ ಮೇಲೆ ಅಪಾರ ನಂಬಿಕೆ. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಅದನ್ನಲ್ಲ, ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಒಟ್ಟಿಗೆ ಇರುವ ಜೋಡಿ ಇನ್ಹೇಲರನ್ನು. ಒಂದು ಪಫ್‌ಗೆ 200 ಮೈಕ್ರೋಗ್ರಾಂ ಬುಡೆಸೊನೈಡ್, 6 ಮೈಕ್ರೋಗ್ರಾಂ ಫಾರ್ಮೊಟೆರಾಲ್ ಬರುವ ಡಬ್ಬಿಯನ್ನೇ ಮುಂದೆ ಇಟ್ಟುಕೊಂಡು ಮಾತಾಡುತ್ತೇವೆ. ಸಿಪ್ಲಾದ ಫೊರಾಕೋರ್ಟ್ 200 ಇದೇ ಜೋಡಿ. ಬೇರೆ ಕಂಪನಿಗಳದ್ದೂ ಸಿಗುತ್ತವೆ, ಒಳಗಿನ ಮದ್ದು ಅದೇ.

ಎಷ್ಟು ಬೇಗ ಉಸಿರು ಬಿಡಿಸಿತು ಎಂಬುದೊಂದನ್ನೇ ನೋಡಿ ಅಸ್ತಮಾದ ಮದ್ದಿಗೆ ಅಂಕ ಹಾಕಬಾರದು. ಅಲರ್ಜಿಯಿಂದ ಬರುವ ಅಸ್ತಮಾ ಮೂಲದಲ್ಲಿ ರೋಗನಿರೋಧಕ ಕೋಶಗಳ ಕಾಯಿಲೆ. ಶ್ವಾಸನಾಳದ ಸ್ನಾಯು ಬಿಗಿದುಕೊಳ್ಳುವುದು ಆ ಕೋಶಗಳು ಮಾಡಿದ ಕೆಲಸದ ಕೊನೆಯ ಫಲ. ಹಾಗಾಗಿ ಮದ್ದು ಯಾವ ಕೋಶವನ್ನು ಹಿಡಿಯುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ ಎಂಬುದೇ ಸರಿಯಾದ ಅಳತೆ. ಆ ಅಳತೆಯಲ್ಲಿ ಈ ಜೋಡಿ ಪಂಪು ಹರೆಯದವರಲ್ಲೂ ದೊಡ್ಡವರಲ್ಲೂ ಬಹುಪಾಲು ಜನಕ್ಕೆ ಮೊದಲ ಆಯ್ಕೆ ಆಗಬೇಕು ಎನ್ನುವುದು ನಮ್ಮ ಅಭಿಪ್ರಾಯ. ಅದು ಕೈಕೊಡುವ ಜಾಗಗಳೂ ಇವೆ.

ಸಂಜೆ ಅಟ್ಟ ಗುಡಿಸಿದರೆ ನಡುರಾತ್ರಿ ದಮ್ಮು ಏಕೆ?

ಹಾಸಿಗೆ, ದಿಂಬು, ಹಳೆಯ ಕಂಬಳಿಗಳಲ್ಲಿ ಬದುಕುವ, ಕಣ್ಣಿಗೆ ಕಾಣದ ನುಸಿಯೊಂದಿದೆ. ಡಾಕ್ಟರುಗಳು ಅದನ್ನು ಡಸ್ಟ್ ಮೈಟ್ ಎನ್ನುತ್ತಾರೆ. ಅದಕ್ಕೆ ತೇವ ಬೇಕು, ಮನುಷ್ಯನ ಮೈಯಿಂದ ಉದುರುವ ಚರ್ಮದ ಹೊಟ್ಟು ಬೇಕು. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ಆ ಹಿಕ್ಕೆಯಲ್ಲಿರುವ ಡರ್ ಪಿ 1 ಎಂಬ ಪ್ರೋಟೀನ್ ಒಂದು ಕಿಣ್ವ. ಶ್ವಾಸನಾಳದ ಒಳಮೈಯ ಕೋಶಗಳನ್ನು ಒಂದಕ್ಕೊಂದು ಹೊಲಿದಿಟ್ಟಿರುವ ಬೆಸುಗೆಯನ್ನೇ ಅದು ಕತ್ತರಿಸಬಲ್ಲದು.

ಗಾಯಗೊಂಡ ಒಳಮೈ ಕೋಶಗಳು ಮೂರು ಎಚ್ಚರಿಕೆಯ ಸಂದೇಶ ಹೊರಡಿಸುತ್ತವೆ: ಟಿಎಸ್‌ಎಲ್‌ಪಿ, ಐಎಲ್-33, ಐಎಲ್-25. ಬೆಸುಗೆಯ ಸಂದಿನಿಂದ ಕೈಚಾಚಿ ಕುಳಿತ ಡೆಂಡ್ರೈಟಿಕ್ ಕೋಶ ಆ ಪ್ರೋಟೀನಿನ ತುಣುಕನ್ನು ಎತ್ತಿಕೊಂಡು ಹತ್ತಿರದ ದುಗ್ಧಗ್ರಂಥಿಗೆ ಒಯ್ಯುತ್ತದೆ. ಅಲ್ಲಿ ಟಿ ಕೋಶಗಳಿಗೆ ಅದನ್ನು ತೋರಿಸಿ ಕೊಡುತ್ತದೆ. ಅಲರ್ಜಿಯ ಗುಣ ಇರುವವರಲ್ಲಿ ಈ ಟಿ ಕೋಶಗಳು ಟಿಎಚ್2 ಎಂಬ ಬಗೆಗೆ ತಿರುಗಿಕೊಳ್ಳುತ್ತವೆ. ಮುಂದಿನ ಎಲ್ಲ ಯಜಮಾನಿಕೆ ಇವುಗಳದ್ದು. ಇವು ಸುರಿಸುವ ಐಎಲ್-4 ರಸದಿಂದ ಬಿ ಕೋಶಗಳು ಐಜಿಇ ಪ್ರತಿಕಾಯ ತಯಾರಿಸುತ್ತವೆ. ಐಎಲ್-5 ರಸ ಮೂಳೆಮಜ್ಜೆಯಿಂದ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಎಬ್ಬಿಸಿ ಕಳಿಸುತ್ತದೆ. ಐಎಲ್-13 ರಸ ಕಫ ಮಾಡುವ ಕೋಶಗಳನ್ನು ಹೆಚ್ಚಿಸಿ ಶ್ವಾಸನಾಳವನ್ನು ಮುಟ್ಟಿದರೆ ಮುನಿ ಎನ್ನುವಂತೆ ಮಾಡಿಡುತ್ತದೆ. ಟಿಎಚ್2 ಕೋಶಗಳ ಜೊತೆಗೆ ಐಎಲ್‌ಸಿ2 ಎಂಬ ಇನ್ನೊಂದು ಬಗೆ ಇದೆ. ಅದಕ್ಕೆ ಯಾರೂ ಅಲರ್ಜಿಯ ವಸ್ತುವನ್ನು ತೋರಿಸಿಕೊಡಬೇಕಾಗಿಲ್ಲ. ಎಚ್ಚರಿಕೆಯ ಸಂದೇಶ ಬಂದರೆ ಸಾಕು, ಐಎಲ್-5 ಮತ್ತು ಐಎಲ್-13 ಸುರಿಸಲು ಶುರು ಮಾಡುತ್ತದೆ.

ತಯಾರಾದ ಐಜಿಇ ಹೋಗಿ ಶ್ವಾಸನಾಳದ ಗೋಡೆಯಲ್ಲಿ ಕಾವಲಿರುವ ಮಾಸ್ಟ್ ಕೋಶಗಳ ಮೈಮೇಲೆ ನಾಟಿಕೊಂಡು ಕೂರುತ್ತದೆ. ಇದು ತಿಂಗಳುಗಟ್ಟಲೆ ಸದ್ದಿಲ್ಲದೆ ನಡೆಯುವ ಸಿದ್ಧತೆ. ಈ ಹಂತದಲ್ಲಿ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ.

ಈಗ ಅಟ್ಟ ಗುಡಿಸುವ ಸಂಜೆಗೆ ಬನ್ನಿ. ಆರು ಗಂಟೆಗೆ ಧೂಳು ಎದ್ದಿತು. ಧೂಳಿನೊಳಗಿನ ಪ್ರೋಟೀನು ಅಕ್ಕಪಕ್ಕದ ಎರಡು ಐಜಿಇಗಳಿಗೆ ಒಟ್ಟಿಗೆ ಅಂಟಿಕೊಂಡ ಕೂಡಲೇ ಮಾಸ್ಟ್ ಕೋಶ ತನ್ನೊಳಗಿನ ರಸ ತುಂಬಿದ ಹರಳುಗಳನ್ನೆಲ್ಲ ಹೊರಕ್ಕೆ ಚೆಲ್ಲುತ್ತದೆ. ಹಿಸ್ಟಮೀನ್, ಟ್ರಿಪ್ಟೇಸ್, ಅದರ ಬೆನ್ನಿಗೇ ಲ್ಯೂಕೋಟ್ರಿಯೀನ್ ಮತ್ತು ಪ್ರೋಸ್ಟಗ್ಲಾಂಡಿನ್ ಡಿ2. ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಎದೆ ಬಿಗಿಯುತ್ತದೆ. ಸಾಲ್ಬುಟಮಾಲ್ ಎಳೆದರೆ ಸಡಿಲವಾಗುತ್ತದೆ, ಎಳೆಯದಿದ್ದರೂ ಎಷ್ಟೋ ಸಲ ಒಂದೆರಡು ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ. ಊಟ ಮಾಡಿ ಮಲಗುತ್ತಾರೆ. ಆದರೆ ಮಾಸ್ಟ್ ಕೋಶ ಚೆಲ್ಲಿದ ರಸಗಳು ಅಷ್ಟರಲ್ಲಿ ರಕ್ತನಾಳದ ಗೋಡೆಯನ್ನು ಜಿಗುಟಾಗಿಸಿ ಬಿಳಿ ರಕ್ತಕಣಗಳನ್ನು ಕರೆಸಿಕೊಳ್ಳುತ್ತಿರುತ್ತವೆ. ನಾಲ್ಕರಿಂದ ಎಂಟು ಗಂಟೆಯ ಹೊತ್ತಿಗೆ, ಅಂದರೆ ರಾತ್ರಿ ಹತ್ತರಿಂದ ಎರಡರ ನಡುವೆ, ಟಿಎಚ್2 ಕೋಶಗಳೂ ಇಯೋಸಿನೋಫಿಲ್‌ಗಳೂ ಶ್ವಾಸನಾಳದ ಗೋಡೆಗೆ ಬಂದು ಸೇರಿರುತ್ತವೆ. ಎರಡನೆಯ ದಮ್ಮು ಏಳುವುದು ಆಗ. ಈ ಸಲ ಸ್ನಾಯು ಬಿಗಿದಿರುವುದಷ್ಟೇ ಅಲ್ಲ, ಗೋಡೆ ಊದಿದೆ, ಒಳಗೆ ಕಫ ತುಂಬಿದೆ. ಸಂಜೆ ಕೆಲಸ ಮಾಡಿದ ಅದೇ ಪಂಪು ರಾತ್ರಿ ಅರೆಬರೆ ಕೆಲಸ ಮಾಡುವುದಕ್ಕೆ ಕಾರಣ ಇದು. ಪಂಪಿನಲ್ಲಿ ಮದ್ದು ಮುಗಿದಿದೆಯೇನೋ ಎಂದು ಅಲ್ಲಾಡಿಸಿ ನೋಡುತ್ತಾರೆ. ಮುಗಿದಿರುವುದಿಲ್ಲ. ಊತವನ್ನು ಇಳಿಸುವ ಶಕ್ತಿ ಆ ಮದ್ದಿಗೆ ಇಲ್ಲ.

ಇಯೋಸಿನೋಫಿಲ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಈ ಪಂಪಿನ ಬೆಲೆ ಗೊತ್ತಾಗುವುದು ಅಲ್ಲೇ. ಪೌಲ್ ಏರ್ಲಿಷ್ 1879ರಲ್ಲಿ ಇಯೋಸಿನ್ ಬಣ್ಣ ಹಾಕಿ ಗುರುತಿಸಿದ ಕೋಶ ಇದು. ಸೂಕ್ಷ್ಮದರ್ಶಕದಲ್ಲಿ ಎರಡು ಹೋಳಿನ ನ್ಯೂಕ್ಲಿಯಸ್ಸು, ಸುತ್ತ ತುಂಬಿಕೊಂಡ ಕೆಂಪು ಹರಳುಗಳು ಕಾಣುತ್ತವೆ. ಹೊಟ್ಟೆಹುಳದಂಥ ದೊಡ್ಡ ಜೀವಿಗಳ ಮೇಲೆ ಎರಚುವಂಥ ವಿಷಕಾರಿ ಪ್ರೋಟೀನುಗಳು ಆ ಹರಳುಗಳಲ್ಲಿವೆ. ಶ್ವಾಸನಾಳದಲ್ಲಿ ಹುಳ ಇಲ್ಲ, ಹಾಗಾಗಿ ಆ ವಿಷ ನಮ್ಮದೇ ಒಳಮೈಯನ್ನು ಸುಲಿಯುತ್ತದೆ. ಒಳಮೈ ಸುಲಿದರೆ ಮತ್ತೆ ಎಚ್ಚರಿಕೆಯ ಸಂದೇಶ, ಮತ್ತೆ ಟಿಎಚ್2, ಮತ್ತೆ ಇಯೋಸಿನೋಫಿಲ್. ರಕ್ತದಲ್ಲಿ ಒಂದು ದಿನವೂ ಪೂರ್ತಿ ಉಳಿಯದ ಈ ಕಣ ಐಎಲ್-5 ಸಿಗುತ್ತಿದ್ದರೆ ಗೋಡೆಯೊಳಗೆ ದಿನಗಟ್ಟಲೆ ಬದುಕುತ್ತದೆ. ಜೋರಾದ ಅಸ್ತಮಾದ ಕಫವನ್ನು ಗಾಜಿನ ಮೇಲೆ ಹರಡಿ ನೋಡಿದರೆ ಎರಡೂ ತುದಿ ಚೂಪಾದ, ಸೂಜಿಯಂಥ ಸ್ಫಟಿಕದ ಹರಳುಗಳು ಕಾಣುತ್ತವೆ. ಶಾರ್ಕೋ–ಲೈಡನ್ ಹರಳು ಎನ್ನುತ್ತಾರೆ. ಸತ್ತ ಇಯೋಸಿನೋಫಿಲ್‌ಗಳೊಳಗಿನ ಪ್ರೋಟೀನು ಗಟ್ಟಿಯಾದ ರೂಪ ಅದು. ಕಫ ಅಷ್ಟು ಅಂಟಂಟಾಗಿ, ಕೆಮ್ಮಿದರೂ ಬಾರದಂತೆ ಆಗುವುದರಲ್ಲಿ ಆ ಹರಳಿನ ಪಾಲೂ ಇದೆ.

ಜೋಡಿ ಮದ್ದು ಮಾಡುವ ಕೆಲಸ

ಬುಡೆಸೊನೈಡ್ ಸ್ಟೀರಾಯ್ಡ್. ಕೋಶದ ಒಳಹೊಕ್ಕು, ಅಲ್ಲಿರುವ ಗ್ರಾಹಕ ಎಂಬ ಪ್ರೋಟೀನಿಗೆ ಅಂಟಿ, ಅದರ ಜೊತೆ ನ್ಯೂಕ್ಲಿಯಸ್ಸಿಗೆ ಹೋಗಿ ಉರಿಯೂತದ ಜೀನುಗಳ ಬಾಯಿ ಮುಚ್ಚಿಸುತ್ತದೆ. ಐಎಲ್-4, 5, 13ರ ತಯಾರಿಕೆ ಇಳಿಯುತ್ತದೆ. ಊಟ ಸಿಗದ ಇಯೋಸಿನೋಫಿಲ್‌ಗಳು ತಾವೇ ಸಾಯುತ್ತವೆ, ಒಡೆದು ವಿಷ ಚೆಲ್ಲದಂತೆ ಮಾಕ್ರೋಫೇಜ್‌ಗಳು ಅವನ್ನು ನುಂಗಿ ಸ್ವಚ್ಛ ಮಾಡುತ್ತವೆ. ರಕ್ತನಾಳಗಳ ಸೋರಿಕೆ ನಿಲ್ಲುತ್ತದೆ. ಡೆಂಡ್ರೈಟಿಕ್ ಕೋಶಗಳ ಸಂಖ್ಯೆಯೂ ತಗ್ಗುತ್ತದೆ. ಇದೆಲ್ಲ ಜೀನಿನ ಮಟ್ಟದ ಕೆಲಸವಾದ್ದರಿಂದ ಗಂಟೆಗಳಿಂದ ದಿನಗಳು ಹಿಡಿಯುತ್ತದೆ, ಪೂರ್ತಿ ಫಲಕ್ಕೆ ವಾರಗಳು ಬೇಕು. ‘ಎರಡು ದಿನ ಎಳೆದೆ, ಏನೂ ಆಗಲಿಲ್ಲ’ ಎಂದು ಬಿಟ್ಟುಬಿಡುವವರು ಮದ್ದಿಗೆ ಅವಕಾಶವನ್ನೇ ಕೊಟ್ಟಿಲ್ಲ.

ಫಾರ್ಮೊಟೆರಾಲ್ ಸ್ನಾಯು ಸಡಿಲಿಸುತ್ತದೆ. ಒಂದರಿಂದ ಮೂರು ನಿಮಿಷದಲ್ಲಿ ಶುರು, ಹನ್ನೆರಡು ಗಂಟೆಯಷ್ಟು ನಿಲ್ಲುತ್ತದೆ. ಇವೆರಡನ್ನು ಒಂದೇ ಡಬ್ಬಿಗೆ ಹಾಕಿದ್ದು ಅನುಕೂಲಕ್ಕಾಗಿ ಮಾತ್ರವಲ್ಲ. ಸ್ನಾಯು ಸಡಿಲಿಸುವ ಮದ್ದನ್ನೇ ದಿನವೂ ಎಳೆಯುತ್ತಿದ್ದರೆ ಅದು ಅಂಟಿಕೊಳ್ಳುವ ಬೀಟಾ-2 ಗ್ರಾಹಕಗಳು ಕಡಿಮೆಯಾಗುತ್ತ ಬರುತ್ತವೆ. ಸ್ಟೀರಾಯ್ಡ್ ಆ ಗ್ರಾಹಕಗಳನ್ನು ಮತ್ತೆ ತಯಾರಿಸುವಂತೆ ಮಾಡುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಬರೀ ಸಾಲ್ಬುಟಮಾಲ್ ನಂಬಿಕೊಂಡವರ ಕಥೆ ಬೇರೆ. ಸ್ನಾಯು ಬಿಟ್ಟುಕೊಳ್ಳುವುದರಿಂದ ಉಸಿರು ಹಗುರವಾಗುತ್ತದೆ, ಒಳಗೆ ಇಯೋಸಿನೋಫಿಲ್‌ಗಳು ತಮ್ಮ ಕೆಲಸ ಮುಂದುವರಿಸುತ್ತಲೇ ಇರುತ್ತವೆ. ಒಂದೆರಡು ವಾರ ದಿನವೂ ಬಳಸಿದರೆ ಶ್ವಾಸನಾಳ ಇನ್ನೂ ಸೂಕ್ಷ್ಮವಾಗುತ್ತದೆ. ಇದಕ್ಕಾಗಿಯೇ ಜಾಗತಿಕ ಅಸ್ತಮಾ ಮಾರ್ಗಸೂಚಿ ಸಂಸ್ಥೆಯಾದ ಜೀನಾ, 2019ರಲ್ಲಿ ಹರೆಯದವರಿಗೂ ದೊಡ್ಡವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಡುವ ಪದ್ಧತಿಯನ್ನು ಕೈಬಿಟ್ಟಿತು. ವರ್ಷಕ್ಕೆ ಮೂರು ಅಥವಾ ಹೆಚ್ಚು ಸಾಲ್ಬುಟಮಾಲ್ ಡಬ್ಬಿ ಖಾಲಿ ಮಾಡುವವರಿಗೆ ದೊಡ್ಡ ದಮ್ಮಿನ ಅಪಾಯ ಹೆಚ್ಚು. ಹನ್ನೆರಡು ದಾಟಿದರೆ ಜೀವದ ಅಪಾಯ ಹೆಚ್ಚು. ಮನೆಯಲ್ಲಿ ಸಾಲ್ಬುಟಮಾಲಿನ ಖಾಲಿ ನೀಲಿ ಡಬ್ಬಿಗಳು ಎಷ್ಟಿವೆ ಎಂದು ಇವತ್ತೇ ಎಣಿಸಿ ನೋಡಿ.

ಜೋಡಿ ಪಂಪಿನ ಪರವಾಗಿ ಗಟ್ಟಿ ಸಾಕ್ಷ್ಯ ಬಂದದ್ದು 2018ರಲ್ಲಿ ಪ್ರಕಟವಾದ ಸಿಗ್ಮಾ 1 ಅಧ್ಯಯನದಿಂದ. ಸೌಮ್ಯ ಅಸ್ತಮಾ ಇದ್ದವರಲ್ಲಿ ಒಂದು ಗುಂಪು ದಮ್ಮು ಬಂದಾಗ ಬುಡೆಸೊನೈಡ್–ಫಾರ್ಮೊಟೆರಾಲ್ ಎಳೆದರು, ಇನ್ನೊಂದು ಗುಂಪು ಟರ್ಬುಟಲೀನ್ ಎಂಬ, ಸ್ನಾಯು ಮಾತ್ರ ಸಡಿಲಿಸುವ ಮದ್ದನ್ನು. ಮೊದಲ ಗುಂಪಿನಲ್ಲಿ ತೀವ್ರ ದಾಳಿಗಳು 64 ಪ್ರತಿಶತ ಕಡಿಮೆ. ದಿನವೂ ಬುಡೆಸೊನೈಡ್ ತೆಗೆದುಕೊಂಡ ಮೂರನೆಯ ಗುಂಪಿನಷ್ಟೇ ರಕ್ಷಣೆ, ಅದೂ ಆ ಗುಂಪಿನ ಸ್ಟೀರಾಯ್ಡಿನ ಸುಮಾರು 17 ಪ್ರತಿಶತದಲ್ಲಿ. ದಿನದಿನದ ಕೆಮ್ಮು, ಬಿಗಿತಗಳ ವಿಷಯದಲ್ಲಿ ಮಾತ್ರ ದಿನವೂ ಮದ್ದು ತೆಗೆದುಕೊಂಡವರದೇ ಮೇಲುಗೈ. ಇದನ್ನು ಮುಚ್ಚಿಡಬೇಕಾಗಿಲ್ಲ. ದಾಳಿ ತಪ್ಪಿಸುವುದು ಮುಖ್ಯವೋ, ದಿನವೂ ನೆಮ್ಮದಿ ಮುಖ್ಯವೋ ಎಂಬುದನ್ನು ನೋಡಿ ಡಾಕ್ಟರು ‘ಬೇಕಾದಾಗ ಮಾತ್ರ’ ಅಥವಾ ‘ಬೆಳಗ್ಗೆ ಸಂಜೆ, ಜೊತೆಗೆ ಬೇಕಾದಾಗ’ ಎಂದು ಬರೆಯುತ್ತಾರೆ. ಎರಡನೆಯ ಕ್ರಮದಲ್ಲಿ 200/6ರ ಡಬ್ಬಿಯಿಂದ ದೊಡ್ಡವರಿಗೆ ದಿನಕ್ಕೆ ಒಟ್ಟು 12 ಪಫ್ ಮೇಲ್ಮಿತಿ. ಅಷ್ಟು ಬೇಕಾಗುತ್ತಿದೆ ಎಂದರೆ ಅದೇ ದಿನ ಡಾಕ್ಟರ ಬಳಿ ಹೋಗಬೇಕು.

ಸ್ಟೀರಾಯ್ಡ್ ಎಂಬ ಹೆಸರಿಗೇ ಹೆದರುವವರಿಗೆ ಒಂದು ಲೆಕ್ಕ. ದಾಳಿ ಜೋರಾದಾಗ ನುಂಗಿಸುವ ಸ್ಟೀರಾಯ್ಡ್ ಗುಳಿಗೆ ಪ್ರೆಡ್ನಿಸೊಲೋನ್ 40 ಮಿಲಿಗ್ರಾಂ. ಬೆಳಗ್ಗೆ ಒಂದು, ಸಂಜೆ ಒಂದು ಪಫ್‌ನ ಬುಡೆಸೊನೈಡ್ 400 ಮೈಕ್ರೋಗ್ರಾಂ. ತೂಕದಲ್ಲಿ ನೂರನೇ ಒಂದು ಭಾಗ. ಎರಡೂ ಬೇರೆ ಬೇರೆ ಮದ್ದುಗಳಾದ್ದರಿಂದ ಇದು ಬಲದ ಹೋಲಿಕೆ ಅಲ್ಲ, ಆದರೆ ಮೈತುಂಬ ಹರಿಯುವ ಗುಳಿಗೆಗೂ ಬೇಕಾದ ಜಾಗಕ್ಕೆ ನೇರ ಬೀಳುವ ಹನಿಗೂ ಎಷ್ಟು ಅಂತರ ಎಂಬುದು ಅಂದಾಜಾಗುತ್ತದೆ. ಅಡ್ಡಪರಿಣಾಮ ಇಲ್ಲವೆಂದಲ್ಲ. ದನಿ ಒಡೆಯಬಹುದು, ಬಾಯಲ್ಲಿ ಅಗ್ರ ಎಂಬ ಶಿಲೀಂಧ್ರದ ಬಿಳಿ ಪದರ ಬರಬಹುದು, ಫಾರ್ಮೊಟೆರಾಲ್‌ನಿಂದ ಕೈ ನಡುಗಬಹುದು, ಎದೆ ಡವಡವ ಎನ್ನಬಹುದು. ಚಿಕ್ಕಂದಿನಲ್ಲಿ ದಿನಕ್ಕೆ 400 ಮೈಕ್ರೋಗ್ರಾಂ ಬುಡೆಸೊನೈಡನ್ನು ನಾಲ್ಕಾರು ವರ್ಷ ತೆಗೆದುಕೊಂಡ ಮಕ್ಕಳು ದೊಡ್ಡವರಾದಾಗ ಸರಾಸರಿ 1.2 ಸೆಂಟಿಮೀಟರ್ ಗಿಡ್ಡವಿದ್ದರು ಎಂದು ಅಮೆರಿಕದ ಕ್ಯಾಂಪ್ ಅಧ್ಯಯನ ತೋರಿಸಿದೆ. ಹತೋಟಿಗೆ ಬಾರದ ಅಸ್ತಮಾ ಮಗುವಿನ ನಿದ್ದೆ, ಆಟ, ಶಾಲೆಗಳಿಂದ ಕಿತ್ತುಕೊಳ್ಳುವುದರ ಎದುರು ಇದನ್ನು ತೂಗಿ ನೋಡಬೇಕು. ‘ಪಂಪು ಹಿಡಿದರೆ ಚಟ ಆಗುತ್ತದೆ’ ಎಂಬುದಂತೂ ಶುದ್ಧ ಸುಳ್ಳು. ಬಿಟ್ಟಾಗ ದಮ್ಮು ಮರಳುವುದಕ್ಕೆ ಕಾರಣ ಚಟವಲ್ಲ, ಟಿಎಚ್2 ಕೋಶಗಳ ನೆನಪು ಅಳಿಯದೆ ಉಳಿದಿರುವುದು.

ಯಾವ ರೂಪದಲ್ಲಿ ಕೊಳ್ಳಬೇಕು

ಇದೇ ಮದ್ದು ಎರಡು ರೂಪದಲ್ಲಿ ಹೆಚ್ಚು ಮಾರಾಟವಾಗುತ್ತದೆ: ಒತ್ತಿದರೆ ಚಿಮ್ಮುವ ಪಂಪು, ಮತ್ತು ಕ್ಯಾಪ್ಸೂಲ್ ಹಾಕಿ ಎಳೆಯುವ ರೋಟಾಹೇಲರ್. ನಮ್ಮ ಮತ ಸ್ಪೇಸರ್ ಸಮೇತದ ಪಂಪಿಗೆ.

ಪಂಪಿನಿಂದ ಹನಿಗಳು ಬಹಳ ರಭಸದಲ್ಲಿ ಹೊರಡುತ್ತವೆ. ನೇರ ಬಾಯಿಗೆ ಇಟ್ಟು ಒತ್ತಿದರೆ ಬಹುಪಾಲು ಗಂಟಲ ಹಿಂಗೋಡೆಗೆ ಬಡಿದು ಅಲ್ಲೇ ಉಳಿಯುತ್ತದೆ. ಇಯೋಸಿನೋಫಿಲ್ ಕುಳಿತಿರುವುದು ಶ್ವಾಸನಾಳದಲ್ಲಿ. ಗಂಟಲಿಗೆ ಬಿದ್ದ ಸ್ಟೀರಾಯ್ಡಿನಿಂದ ಅಗ್ರ ಬರುತ್ತದೆಯೇ ಹೊರತು ಅಸ್ತಮಾಕ್ಕೆ ಪ್ರಯೋಜನವಿಲ್ಲ. ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಯೊಳಗೆ ಹನಿಗಳ ವೇಗ ತಗ್ಗುತ್ತದೆ, ದಪ್ಪ ಹನಿಗಳು ಗೋಡೆಗೆ ಅಂಟಿಕೊಳ್ಳುತ್ತವೆ, ಸಣ್ಣವು ಉಸಿರಿನ ಜೊತೆ ಕೆಳಗಿಳಿಯುತ್ತವೆ. ಕ್ರಮ ಹೀಗೆ: ಡಬ್ಬಿಯನ್ನು ಚೆನ್ನಾಗಿ ಕುಲುಕಿ. ಹೊಸದಾಗಿದ್ದರೆ ಅಥವಾ ಕೆಲವು ದಿನ ಬಳಸದಿದ್ದರೆ ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಹೇಳಿದಷ್ಟು ಸಲ ಗಾಳಿಗೆ ಒತ್ತಿ. ಸ್ಪೇಸರಿಗೆ ಜೋಡಿಸಿ. ಉಸಿರನ್ನು ಪೂರ್ತಿ ಹೊರಗೆ ಬಿಡಿ. ತುಟಿ ಬಿಗಿಯಾಗಿ ಮುಚ್ಚಿ, ಒಂದೇ ಸಲ ಒತ್ತಿ, ಕೂಡಲೇ ನಿಧಾನವಾಗಿ ನಾಲ್ಕೈದು ಸೆಕೆಂಡು ಎಳೆಯಿರಿ. ಹತ್ತು ಎಣಿಸುವ ತನಕ ಉಸಿರು ಹಿಡಿಯಿರಿ. ಎರಡನೆಯ ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ. ಉಸಿರು ಹಿಡಿಯಲಾಗದ ಮಗುವಿಗೆ ಮಾಸ್ಕ್ ಹಾಕಿ ಐದಾರು ಸಲ ಸಹಜವಾಗಿ ಉಸಿರಾಡಿಸಿದರೆ ಸಾಕು. ಕೊನೆಗೆ ಬಾಯಿ ಮುಕ್ಕಳಿಸಿ, ಗಂಟಲವರೆಗೂ ಗಾರ್ಗಲ್ ಮಾಡಿ ಉಗಿಯಿರಿ.

ಮನೆಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಇವು. ಸಮಯ ಉಳಿಸಲು ಎರಡು ಪಫ್ ಒಟ್ಟಿಗೆ ಸ್ಪೇಸರಿಗೆ ಒತ್ತುತ್ತಾರೆ. ಹನಿಗಳು ಒಂದಕ್ಕೊಂದು ಕೂಡಿಕೊಂಡು ದಪ್ಪವಾಗಿ ಗೋಡೆಗೇ ಅಂಟುತ್ತವೆ. ಒತ್ತಿ ಆಮೇಲೆ ಯಾವಾಗಲೋ ಎಳೆಯುತ್ತಾರೆ. ಸ್ಪೇಸರನ್ನು ತೊಳೆದು ಸೀರೆಯ ಸೆರಗಿನಿಂದಲೋ ಟವೆಲಿನಿಂದಲೋ ಒರೆಸಿ ಹೊಳೆಯುವಂತೆ ಮಾಡುತ್ತಾರೆ. ಒರೆಸಿದಾಗ ಪ್ಲಾಸ್ಟಿಕ್ಕಿಗೆ ಸ್ಥಿರ ವಿದ್ಯುತ್ ಬಂದು ಮದ್ದನ್ನು ತಾನೇ ಎಳೆದುಕೊಳ್ಳುತ್ತದೆ. ಪಾತ್ರೆ ತೊಳೆಯುವ ಸೋಪಿನ ತೆಳು ನೀರಿನಲ್ಲಿ ಅದ್ದಿ ತೆಗೆದು, ಒರೆಸದೆ, ನೆರಳಲ್ಲಿ ನಿಲ್ಲಿಸಿ ಒಣಗಿಸಬೇಕು. ಮದ್ದಿನ ಲೋಹದ ಡಬ್ಬಿಯನ್ನು ಮಾತ್ರ ನೀರಿಗೆ ಹಾಕಬೇಡಿ. ಮದ್ದು ಉಳಿದಿದೆಯೇ ಎಂದು ನೀರಲ್ಲಿ ತೇಲಿಸಿ ನೋಡುವ ಹಳೆಯ ಉಪಾಯ ನಂಬಿಕೆಗೆ ಅರ್ಹವಲ್ಲ. ಮದ್ದು ಮುಗಿದ ಮೇಲೂ ಚಿಮ್ಮಿಸುವ ಅನಿಲ ಉಳಿದಿರುತ್ತದೆ, ಪುಸ್ ಎಂಬ ಸದ್ದೂ ಬರುತ್ತದೆ. 120 ಪಫ್‌ನ ಡಬ್ಬಿಯಲ್ಲಿ ದಿನಕ್ಕೆ ನಾಲ್ಕು ಪಫ್ ಎಂದರೆ 30 ದಿನ. ಎಣಿಕೆ ತೋರಿಸುವ ಕಿಟಕಿ ಇರುವ ಡಬ್ಬಿಯನ್ನೇ ಕೇಳಿ ಪಡೆಯಿರಿ, ಇಲ್ಲದಿದ್ದರೆ ಶುರು ಮಾಡಿದ ದಿನಾಂಕವನ್ನು ಡಬ್ಬಿಯ ಮೇಲೆ ಬರೆದಿಡಿ.

ರೋಟಾಹೇಲರ್ ಅಗ್ಗ, ಕಣ್ಣಿಗೆ ಕಾಣುವಂಥ ಲೆಕ್ಕ, ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಿಸುವ ತಾಪತ್ರಯ ಇಲ್ಲ. ಕ್ಯಾಪ್ಸೂಲಿನ ಪಾರದರ್ಶಕ ತುದಿಯನ್ನು ಕೆಳಗೆ ಮಾಡಿ ಚೌಕದ ತೂತಿಗೆ ಹಾಕಿ, ಮೇಲ್ತುದಿ ತೂತಿನ ಅಂಚಿಗೆ ಸಮವಾಗುವಂತೆ ಒತ್ತಿ, ಬುಡವನ್ನು ತಿರುಗಿಸಿದರೆ ಕ್ಯಾಪ್ಸೂಲು ಎರಡು ಹೋಳಾಗುತ್ತದೆ. ಇಲ್ಲಿ ಎಳೆಯುವ ರೀತಿ ಪಂಪಿಗೆ ತದ್ವಿರುದ್ಧ: ಜೋರಾಗಿ, ಒಂದೇ ಉಸಿರಿಗೆ, ಆಳವಾಗಿ. ಪಂಪಿನಿಂದ ರೋಟಾಹೇಲರಿಗೆ ಬದಲಾದವರು ಹಳೆಯ ಅಭ್ಯಾಸದಂತೆ ಮೆಲ್ಲನೆ ಎಳೆದರೆ ಪುಡಿ ಕ್ಯಾಪ್ಸೂಲಿನಲ್ಲೇ ಉಳಿಯುತ್ತದೆ. ಎಳೆದ ಮೇಲೆ ಬಿಚ್ಚಿ ನೋಡಿ, ಬಿಳಿ ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಕ್ಯಾಪ್ಸೂಲನ್ನು ಗುಳಿಗೆಯೆಂದು ನುಂಗುವವರು ಈಗಲೂ ಇದ್ದಾರೆ. ಅಂಗಡಿಯವರು ಒಂದು ಮಾತು ಹೇಳಿ ಕೊಟ್ಟರೆ ಇದು ತಪ್ಪುತ್ತದೆ.

ಮಳೆಗಾಲದ ಮಲೆನಾಡು, ಕರಾವಳಿಗಳಲ್ಲಿ ಈ ಕ್ಯಾಪ್ಸೂಲು ತೇವ ಹೀರಿ ಮೆತ್ತಗಾಗುತ್ತದೆ, ಪುಡಿ ಗಂಟುಕಟ್ಟುತ್ತದೆ. ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ಒಣಗಿ ಪುಡಿಪುಡಿಯಾಗುವ ಸಾಧ್ಯತೆ ಇದೆ. ಹಾಗಾಗಿ ಬಾಟಲಿಯಿಂದ ಆಗಿಂದಾಗ್ಗೆ ಒಂದೊಂದೇ ತೆಗೆಯಬೇಕು, ಒಣ ಕೈಯಿಂದ. ಐದಾರು ವರ್ಷದೊಳಗಿನ ಮಕ್ಕಳಿಗೂ, ದಾಳಿಯ ನಡುವೆ ಉಸಿರೇ ಇಲ್ಲದವರಿಗೂ ರೋಟಾಹೇಲರ್ ತಕ್ಕದ್ದಲ್ಲ. ಎಳೆಯುವ ಬಲವೇ ಅದರ ಎಂಜಿನ್.

ಮದ್ದನ್ನು ಮಂಜಿನಂತೆ ಮಾಡಿ ಕೊಡುವ ನೆಬ್ಯುಲೈಸರ್ ಯಂತ್ರದ ಮೇಲೆ ದುಡ್ಡು ಹಾಕುವ ಮುನ್ನ ಯೋಚಿಸಿ. ಸಾಧಾರಣ ದಾಳಿಯಲ್ಲಿ ಸ್ಪೇಸರ್ ಮೂಲಕ ಕೊಟ್ಟ ಮದ್ದು ಅಷ್ಟೇ ಕೆಲಸ ಮಾಡುತ್ತದೆ, ಕರೆಂಟು ಹೋದರೂ ಮಾಡುತ್ತದೆ.

ಮುಟ್ಟದ ಕೋಶಗಳು

ಸ್ಟೀರಾಯ್ಡ್ ಎಳೆದರೆ ಐಜಿಇ ಮಾಯವಾಗುವುದಿಲ್ಲ. ಮಾಸ್ಟ್ ಕೋಶದ ಮೇಲೆ ನಾಟಿಕೊಂಡಿರುವುದು ಹಾಗೆಯೇ ಇರುತ್ತದೆ, ಧೂಳು ಬಂದಾಗ ಹರಳು ಚೆಲ್ಲುವುದನ್ನು ಬುಡೆಸೊನೈಡಿನ ಒಂದು ಪಫ್ ತಡೆಯಲಾರದು. ಅದಕ್ಕೇ ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆಯುವುದು, ಜಿರಳೆ ಹತೋಟಿ ಇವೆಲ್ಲ ಪಂಪಿನ ಜೊತೆಗೆ ಬೇಕು. ಬೆಂಗಳೂರಿನಲ್ಲಿ ಅಸ್ತಮಾ ಸಣ್ಣ ಸಂಗತಿ ಅಲ್ಲ. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟು, 1979ರಲ್ಲಿ 9 ಪ್ರತಿಶತ ಇದ್ದ ಅಸ್ತಮಾ 1999ರ ಹೊತ್ತಿಗೆ 29.5ಕ್ಕೆ ಏರಿದ್ದನ್ನು ತೋರಿಸಿದ್ದರು.

ನ್ಯೂಟ್ರೋಫಿಲ್ ಎಂಬ ಕೋಶದ ಮುಂದೆ ಈ ಪಂಪು ಸೋಲುತ್ತದೆ. ಇಯೋಸಿನೋಫಿಲನ್ನು ಸಾಯಿಸುವ ಸ್ಟೀರಾಯ್ಡ್ ನ್ಯೂಟ್ರೋಫಿಲಿನ ಆಯುಷ್ಯವನ್ನು ಹೆಚ್ಚಿಸುತ್ತದೆ. ಬೀಡಿ, ಸಿಗರೇಟು, ಸೌದೆ ಒಲೆಯ ಹೊಗೆಗಳು ಈ ಕೋಶವನ್ನೇ ಕರೆತರುತ್ತವೆ. ಸಿಗರೇಟು ಬಿಡದೆ ಪಂಪಿನ ಡೋಸ್ ಏರಿಸುತ್ತ ಹೋದರೆ ದುಡ್ಡು ಖರ್ಚಾಗುತ್ತದೆಯೇ ಹೊರತು ಉಸಿರು ಸುಧಾರಿಸುವುದಿಲ್ಲ. ಟಿಎಸ್‌ಎಲ್‌ಪಿ ಹೆಚ್ಚಿದ್ದಾಗ ಐಎಲ್‌ಸಿ2 ಕೋಶಗಳೂ ಸ್ಟೀರಾಯ್ಡಿಗೆ ಬಗ್ಗದೆ ನಿಲ್ಲಬಲ್ಲವು.

ಯಾರಿಗೆ ಈ ಪಂಪು ಚೆನ್ನಾಗಿ ಒಗ್ಗುತ್ತದೆ ಎಂದು ಮೊದಲೇ ಅಂದಾಜಿಸಲು ಎರಡು ಪರೀಕ್ಷೆಗಳಿವೆ. ರಕ್ತದ ಇಯೋಸಿನೋಫಿಲ್ ಎಣಿಕೆ, ಲ್ಯಾಬಿನವರ ಮಾತಲ್ಲಿ ಎಇಸಿ, ಮೈಕ್ರೋಲೀಟರಿಗೆ 300 ದಾಟಿದ್ದರೆ ಸ್ಟೀರಾಯ್ಡಿಗೆ ಬಗ್ಗುವ ಉರಿಯೂತ ಎಂಬ ಸೂಚನೆ. ಆದರೆ ನಮ್ಮ ಕಡೆ ಹೊಟ್ಟೆಹುಳದಿಂದಲೂ ಈ ಎಣಿಕೆ ಏರುತ್ತದೆ. 3000 ದಾಟಿ, ರಾತ್ರಿ ಕೆಮ್ಮು, ತೂಕ ಇಳಿತ ಇದ್ದರೆ ಆನೆಕಾಲು ರೋಗದ ಫೈಲೇರಿಯಾ ಹುಳ ತರುವ ಟ್ರಾಪಿಕಲ್ ಪಲ್ಮನರಿ ಇಯೋಸಿನೋಫಿಲಿಯಾ ಇರಬಹುದು. ಅದಕ್ಕೆ ಮದ್ದು ಡೈಇಥೈಲ್‌ಕಾರ್ಬಮಝೀನ್, ಪಂಪಲ್ಲ. ಎರಡನೆಯದು ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಅಳೆಯುವ ಫೀನೋ ಪರೀಕ್ಷೆ. ಐಎಲ್-13 ಹೆಚ್ಚಿದಷ್ಟೂ ಈ ಅನಿಲ ಹೆಚ್ಚುತ್ತದೆ. ದೊಡ್ಡವರಲ್ಲಿ 50 ಪಿಪಿಬಿ (ನೂರು ಕೋಟಿಯಲ್ಲಿ ಎಷ್ಟು ಭಾಗ ಎಂಬ ಅಳತೆ) ಮೇಲಿದ್ದರೆ ಹೆಚ್ಚು, 25ರ ಕೆಳಗಿದ್ದರೆ ಕಡಿಮೆ. ಸೇದುವವರಲ್ಲಿ ಸುಳ್ಳಾಗಿ ಕಡಿಮೆ ತೋರಿಸುತ್ತದೆ. ಸ್ಟೀರಾಯ್ಡ್ ಶುರುವಾದ ಮೇಲೆ ಎರಡೂ ಇಳಿಯುವುದರಿಂದ ಹಳೆಯ ರಿಪೋರ್ಟುಗಳನ್ನು ಎಸೆಯಬೇಡಿ.

ಮಾಂಟೆಲುಕಾಸ್ಟ್–ಲಿವೊಸೆಟ್ರಿಜಿನ್ ಗುಳಿಗೆಯನ್ನು ಪಂಪಿನ ಬದಲಿಗೆ ಇಟ್ಟುಕೊಂಡವರು ಬಹಳ. ಅದು ಲ್ಯೂಕೋಟ್ರಿಯೀನ್ ಮತ್ತು ಹಿಸ್ಟಮೀನ್ ಎಂಬ ಎರಡು ರಸಗಳನ್ನಷ್ಟೇ ಅಡ್ಡಗಟ್ಟುತ್ತದೆ. ಮೂಗಿನ ಅಲರ್ಜಿಗೆ ಆದೀತು, ಅಸ್ತಮಾಕ್ಕೆ ಪಂಪಿನ ಜಾಗ ತುಂಬಲಾರದು. ಮಾಂಟೆಲುಕಾಸ್ಟ್‌ನಿಂದ ಕೆಲವರಲ್ಲಿ ಕೆಟ್ಟ ಕನಸು, ಖಿನ್ನತೆ ಬರಬಹುದೆಂದು ಅಮೆರಿಕದ ಔಷಧ ಇಲಾಖೆ 2020ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಸೇರಿಸಿದೆ.

ಸ್ಪೇಸರು ಸರಿ, ಬಳಸುವ ರೀತಿ ಸರಿ, ಆದರೂ ದಾಳಿ ನಿಲ್ಲದವರಿಗೆ ಒಂದೊಂದು ಕೊಂಡಿಯನ್ನೇ ಗುರಿಯಿಟ್ಟು ಹಿಡಿಯುವ ಚುಚ್ಚುಮದ್ದುಗಳಿವೆ. ಒಮಾಲಿಝುಮ್ಯಾಬ್ ರಕ್ತದ ಐಜಿಇಯನ್ನು ಹಿಡಿದಿಡುತ್ತದೆ. ಮೆಪೊಲಿಝುಮ್ಯಾಬ್ ನಾಲ್ಕು ವಾರಕ್ಕೊಮ್ಮೆ 100 ಮಿಲಿಗ್ರಾಂ ಕೊಟ್ಟರೆ ಐಎಲ್-5 ಸಿಗದೆ ಇಯೋಸಿನೋಫಿಲ್ ಸೊರಗುತ್ತದೆ. ಬೆನ್ರಾಲಿಝುಮ್ಯಾಬ್ ಎನ್‌ಕೆ ಎಂಬ ಕೊಲ್ಲುವ ಕೋಶಗಳನ್ನು ಕರೆಸಿ ಇಯೋಸಿನೋಫಿಲನ್ನೇ ಕೊಲ್ಲಿಸುತ್ತದೆ. ಡುಪಿಲುಮ್ಯಾಬ್ ಐಎಲ್-4 ಮತ್ತು 13ರ ಬಾಗಿಲು ಮುಚ್ಚುತ್ತದೆ, ಟೆಝೆಪೆಲುಮ್ಯಾಬ್ ಟಿಎಸ್‌ಎಲ್‌ಪಿಯನ್ನೇ ಹಿಡಿಯುತ್ತದೆ. ಬೆಲೆ ಬಹಳ. ಇವುಗಳ ಮಾತು ಬರುವ ಮುನ್ನ ಡಾಕ್ಟರ ಎದುರು ಪಂಪು ಎಳೆದು ತೋರಿಸಿ. ಮದ್ದಿನ ಮೇಲೆ ಹಾಕಿದ ತಪ್ಪು ಎಷ್ಟೋ ಸಲ ಎಳೆಯುವ ರೀತಿಯಲ್ಲಿರುತ್ತದೆ.

ಕೊಳ್ಳುವಾಗ

ಡಬ್ಬಿಯ ಮೇಲೆ ‘ಫಾರ್ಮೊಟೆರಾಲ್’ ಎಂಬ ಪದವನ್ನು ಓದಿಯೇ ತೆಗೆದುಕೊಳ್ಳಿ. ಸಾಲ್ಮೆಟೆರಾಲ್–ಫ್ಲೂಟಿಕಾಸೋನ್ ಜೋಡಿಯೂ ನೋಡಲು ಹೀಗೆಯೇ ಇರುತ್ತದೆ, ಬೆಳಗ್ಗೆ ಸಂಜೆಗೆ ಅದೂ ಒಳ್ಳೆಯ ಮದ್ದೇ. ಆದರೆ ಸಾಲ್ಮೆಟೆರಾಲ್ ಕೆಲಸ ಶುರು ಮಾಡುವುದು ನಿಧಾನ, ದಮ್ಮು ಬಂದಾಗ ಎಳೆಯುವುದಕ್ಕೆ ಅದು ಆಗದು. ಬಲ ನೋಡಿ: 100, 200, 400 ಎಂದು ಬೇರೆ ಬೇರೆ ಇವೆ, ಡಾಕ್ಟರು ಚೀಟಿಯಲ್ಲಿ ಬರೆದದ್ದನ್ನೇ ಕೇಳಿ. 400/6ರ ಡಬ್ಬಿಯನ್ನು ಬೇಕಾದಾಗಲೆಲ್ಲ ಎಳೆಯುವ ಕ್ರಮಕ್ಕೆ ಬಳಸಬಾರದು, ಸ್ಟೀರಾಯ್ಡ್ ವೃಥಾ ಹೆಚ್ಚಾಗುತ್ತದೆ. ಪಂಪಿನ ಬಾಯಿ ನಿಮ್ಮ ಸ್ಪೇಸರಿಗೆ ಸಂದಿಲ್ಲದೆ ಕೂರುತ್ತದೆಯೇ ಎಂದು ಅಂಗಡಿಯಲ್ಲೇ ಹಾಕಿ ನೋಡಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಡಬೇಡಿ. ಒತ್ತಡದ ಡಬ್ಬಿ, ಸಿಡಿಯಬಹುದು. ಒಂದು ವಾಕ್ಯ ಪೂರ್ತಿ ಆಡಲು ಉಸಿರು ಸಾಲದಿದ್ದರೆ, ತುಟಿ ನೀಲಿಗಟ್ಟಿದರೆ ಪಂಪು ಎಳೆಯುತ್ತಲೇ 108ಕ್ಕೆ ಫೋನ್ ಮಾಡಿ. ಆ ಹೊತ್ತಿಗೆ ಕೈಗೆ ಸಿಗುವ ಜಾಗದಲ್ಲಿ ಪಂಪೂ ಸ್ಪೇಸರೂ ಒಟ್ಟಿಗೆ ಇರಲಿ, ಬೀರುವಿನ ಒಳಗಲ್ಲ.